ಕಿರುಗುಟ್ಟುವ ಬ್ರೇಕು ಮತ್ತು ಕೀಲೆಣ್ಣೆ

ಗಾಲಿ ಚೀರಿದರೆ ಕೀಲೆಣ್ಣೆ ಹಾಕಬೇಕೆಂಬುದು ನಮ್ಮ ಮುಕ್ಕುಂದದ ರೈತರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಶಾಸ್ತ್ರ. ಬಂಡಿಯ ಅಚ್ಚಿಗೆ ಅದು ಸತ್ಯವಾದುದು. ಕಾರಿನ ಬ್ರೇಕಿಗೆ ಮಾತ್ರ ಪ್ರಾಣಕ್ಕೆ ಸಂಚಕಾರ ತರುವಂಥದು. ಇದನ್ನು ನಾನು ಮೊದಲು ಪುಸ್ತಕದಿಂದ ಕಲಿಯಲಿಲ್ಲ. ನಾನು ಪಟ್ಟ ಪಾಡು ವಾಚಕರಿಗೆ ಬಾರದಿರಲೆಂದೇ ಈ ಲೇಖನ.

ನಮ್ಮಣ್ಣನು ಕೊಂಡ ಹಳೆಯ ಸಣ್ಣ ಕಾರೊಂದು ಮನೆಯಲ್ಲಿದೆ. ಊರಿನಲ್ಲಿ ಯಾರಿಗಾದರೂ ರಾತ್ರಿ ಹೊಟ್ಟೆನೋವು ಬಂದರೆ, ಹೆರಿಗೆಯ ಬೇನೆ ಎದ್ದರೆ, ಸಿಂಧನೂರಿನ ಆಸ್ಪತ್ರೆಗೆ ಅದೇ ಗಾಡಿ. ಕಳೆದ ವರುಷ ಭತ್ತದ ನಾಟಿಯ ಕಾಲದಲ್ಲಿ ಅದರ ಹಿಂದಿನ ಗಾಲಿಗಳು ಬ್ರೇಕು ಒತ್ತಿದಾಗಲೆಲ್ಲ ಚೀರತೊಡಗಿದವು. ಅಪ್ಪ, “ಬಂಡಿ ಚೀರಿದ್ರ ಏನ್ ಮಾಡ್ತೀವಿ ತಮ್ಮಾ? ಎಣ್ಣಿ ಹಾಕು” ಎಂದರು. ಗಾಲಿಯ ಹಿಂಬದಿಯ ತಟ್ಟೆಯಲ್ಲಿರುವ ಸಣ್ಣ ತೂತಿನಿಂದ ನಾನೇ ಎರಡೂ ಕಡೆ ಎಣ್ಣೆ ಬಿಟ್ಟೆನು. ಸದ್ದು ನಿಂತಿತು, ಅದರೊಡನೆ ಕಾರು ನಿಲ್ಲುವುದೂ ನಿಂತಿತು. ಮರುದಿನ ಹೊಳೆಯ ದಾರಿಯ ಇಳಿಜಾರಿನಲ್ಲಿ ಅಣ್ಣನು ಕೈಬ್ರೇಕು ಎಳೆದು ಕೆಳಗಿಳಿದಿದ್ದನು. ಒಳಗೆ ನಮ್ಮಜ್ಜಿ ಕುಳಿತಿದ್ದಳು. ಕಾರು ತಾನಾಗಿಯೇ ಹಿಂದಕ್ಕೆ ಉರುಳತೊಡಗಿತು. ಅಣ್ಣನು ಓಡಿ ಗಾಲಿಗೆ ಕಲ್ಲು ಕೊಡದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಈಗಲೂ ಮನಸ್ಸು ಹೆದರುವುದು.

ಹೀಗೇಕಾಯಿತು? ಬಂಡಿಯ ಅಚ್ಚಿನಲ್ಲಿ ಘರ್ಷಣೆ ನಮ್ಮ ವೈರಿ. ಬ್ರೇಕಿನಲ್ಲಿ ಅದೇ ನಮ್ಮ ರಕ್ಷಕ. ಅನೇಕ ಸಣ್ಣ ಕಾರುಗಳ ಹಿಂದಿನ ಗಾಲಿಯೊಳಗೆ ಕಬ್ಬಿಣದ ಡ್ರಮ್ಮೊಂದು ಇರುವುದು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಬ್ರೇಕು ಒತ್ತಿದಾಗ ಇವು ಅಗಲಿಸಿ ಡ್ರಮ್ಮಿಗೆ ಉಜ್ಜುವುವು. ಓಟದ ಶಕ್ತಿಯೆಲ್ಲ ಶಾಖವಾಗಿ ಹೋಗುವುದು. ಸಾಮಾನ್ಯವಾಗಿ ಕೈಬ್ರೇಕು ಹಿಡಿಯುವುದೂ ಈ ಹಿಂದಿನ ಗಾಲಿಗಳನ್ನೇ. ಶೂಗಳ ಮೈಮೇಲಿನ ಲೈನಿಂಗು ಎಣ್ಣೆ ಕುಡಿದರೆ ಹಿಡಿತವೆಲ್ಲಿಯದು?

ಈ ಲೈನಿಂಗಿಗೂ ಒಂದು ಚರಿತ್ರೆಯುಂಟು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಗಂಡನು ನಿರ್ಮಿಸಿದ ಮೋಟಾರಿನಲ್ಲಿ ಮಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ಹೊರಟಳು. ದಾರಿಯಲ್ಲಿ ಮರದ ಬ್ರೇಕು ಸವೆಯಲು, ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಅಂದು ತೊಗಲು ಮಾಡಿದ ಕೆಲಸವನ್ನೇ ಇಂದು ಲೈನಿಂಗು ಮಾಡುವುದು.

ಇನ್ನು ಸದ್ದಿನ ವಿಚಾರ. ಕರಿಹಲಗೆಯ ಮೇಲೆ ಸೀಮೆಸುಣ್ಣ ಒಮ್ಮೊಮ್ಮೆ ಕಿರ್ರೆನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಅದು ಹಿಡಿದು ಜಾರುವುದು, ಮತ್ತೆ ಹಿಡಿದು ಜಾರುವುದು. ಈ ಕಂಪನವೇ ಸದ್ದು. ಬ್ರೇಕಿನಲ್ಲಿ ಇದಕ್ಕೆ ಕಾರಣಗಳು ಹಲವು: ಒಳಹೊಕ್ಕ ಕೆಸರು ಧೂಳು, ಕಾದು ಗಾಜಿನಂತೆ ನುಣುಪಾದ ಲೈನಿಂಗು, ತಟ್ಟೆಗೆ ಶೂ ತಾಗುವೆಡೆಯಲ್ಲಿ ಒಣಗಿದ ಗ್ರೀಸು, ಇಲ್ಲವೆ ಲೈನಿಂಗು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುವುದು. ನಾಟಿಯ ಕಾಲದಲ್ಲಿ ಟ್ರಾಕ್ಟರುಗಳು ಗದ್ದೆಯ ಕೆಸರನ್ನೆಲ್ಲ ರಸ್ತೆಗೆ ತರುವ ನಮ್ಮ ಸೀಮೆಯಲ್ಲಿ ಮೊದಲನೆಯದೇ ಹೆಚ್ಚು. ಮಳೆಯ ಮರುದಿನ ಬೆಳಗ್ಗೆ ಎರಡು ಸಲ ಚೀರಿ ಸುಮ್ಮನಾದರೆ ಅದು ತೆಳುವಾದ ತುಕ್ಕು, ಚಿಂತೆಯಿಲ್ಲ.

ರಿಪೇರಿಯ ಕ್ರಮ ಹೀಗೆ: ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಗಾಲಿಯ ನಟ್ಟುಗಳನ್ನು ಸಡಿಲಿಸಿ, ಜಾಕು ಏರಿಸಬೇಕು. ಜಾಕೊಂದನ್ನೇ ನಂಬದೆ ಗಟ್ಟಿಯಾದ ಆಸರೆ ಕೊಟ್ಟು, ಬಳಿಕ ಕೈಬ್ರೇಕು ಬಿಟ್ಟು, ಗಾಲಿಯನ್ನೂ ಡ್ರಮ್ಮನ್ನೂ ತೆಗೆಯಬೇಕು. ಒಳಗಿನ ಧೂಳನ್ನು ಬಾಯಿಂದ ಊದಲೇಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದು ಪುಪ್ಪುಸಕ್ಕೆ ಕ್ಯಾನ್ಸರು ತರುವ ವಸ್ತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯುವುದು ಕ್ಷೇಮ. ನುಣುಪಾದ ಲೈನಿಂಗನ್ನು ಒದ್ದೆ ಮಾಡಿ ಎಮರಿ ಕಾಗದದಿಂದ ಹಗುರಾಗಿ ಉಜ್ಜಬೇಕು. ತಟ್ಟೆಗೆ ಶೂ ತಾಗುವ ಎಡೆಗಳಿಗೆ ಮಾತ್ರ ಶಾಖ ತಡೆಯುವ ಬ್ರೇಕಿನ ಗ್ರೀಸನ್ನು ಜೋಳದ ಕಾಳಿನಷ್ಟು ಸವರಬೇಕು. ಲೈನಿಂಗು ಬಹಳ ತೆಳುವಾಗಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಎರಡೂ ಗಾಲಿಯ ಶೂಗಳನ್ನು ಒಟ್ಟಿಗೇ ಬದಲಿಸಬೇಕು. ಒಳಗೆ ಬ್ರೇಕಿನ ದ್ರವ ಜಿನುಗಿದ್ದರೆ ಮಿಸ್ತ್ರಿಯ ಬಳಿಗೇ ಹೋಗಬೇಕು. ಎಲ್ಲ ಜೋಡಿಸಿದ ಮೇಲೆ ಪೆಡಲನ್ನು ಹಲವು ಸಲ ಒತ್ತಿ, ಖಾಲಿ ಬಯಲಿನಲ್ಲಿ ಮೆಲ್ಲಗೆ ಓಡಿಸಿ ಪರೀಕ್ಷಿಸದೆ ರಸ್ತೆಗಿಳಿಯಬಾರದು.

ನಮ್ಮ ಶೂಗಳು ಎಣ್ಣೆ ಕುಡಿದುದರಿಂದ ಹೊಸವನ್ನೇ ಹಾಕಬೇಕಾಯಿತು. ಕಾರಿನೊಡನೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಅದುವರೆಗೆ ನಮ್ಮ ಮನೆಯಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ನಾನು ಸಾಲುಸಾಲಾಗಿ ಓದಿ ಕನ್ನಡದಲ್ಲಿ ಹೇಳಿದೆನು. ತಿಳಿಯದ ಕಡೆ ಮಿಸ್ತ್ರಿಯನ್ನು ಕೇಳಿ ಬಂದೆನು. ಅಣ್ಣನು ಪಾನಾ ಹಿಡಿದನು. “ಬಿ.ಎ. ಓದಿದ್ರ ಏನ್ ಬರ್ತದ” ಎಂದು ಒಮ್ಮೆ ಕೇಳಿದ್ದ ಅಪ್ಪ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿದರು. ಕಡೆಗೆ, “ಎಣ್ಣಿ ಎಲ್ಲಿ ಹಾಕಬಾರ್ದು ಅನ್ನೂದೂ ಒಂದು ವಿದ್ಯಾನ ನೋಡು” ಎಂದರು.

ಯಂತ್ರದ ಚೀರಾಟವು ಒಂದು ದೂರು. ಅದರ ಬಾಯಿ ಮುಚ್ಚಿಸುವ ಮೊದಲು ಅದು ಹೇಳುವುದೇನೆಂದು ಕೇಳುವುದೇ ಜಾಣತನ.