ಹಾಲು ಕುಡಿಯುವಾಗ ಬೆವರುವ ಕೂಸು

ಹಾಲು ಕುಡಿಯುತ್ತಲೇ ಕೂಸು ಬೆವರಿ, ಏದುಸಿರು ಬಿಟ್ಟು, ಚೀರಿ ಅತ್ತರೆ ದೃಷ್ಟಿಯೆಂದೋ ಹೊಟ್ಟೆನೋವೆಂದೋ ನಮ್ಮ ಮನೆಗಳಲ್ಲಿ ಭಾವಿಸುವುದುಂಟು. ಅಪರೂಪಕ್ಕೆ ಅದು ಹೃದಯದ ನೋವೇ ಆಗಿರಬಹುದು.

ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ, ಹೃದಯಸ್ನಾಯುವಿಗೆ ರಕ್ತ ಒದಗಿಸುವ ಎಡ ಕರೋನರಿ ಧಮನಿಯು ಮಹಾಧಮನಿಯ ಬದಲು ಶ್ವಾಸಕೋಶದ ಧಮನಿಯಿಂದ ಹುಟ್ಟಿರುತ್ತದೆ. ಜನನಾನಂತರ ಕೆಲವು ವಾರಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಇಳಿದಂತೆ ಈ ಧಮನಿಗೆ ರಕ್ತ ಸಾಲದೆ ಹೃದಯವು ಹಿಗ್ಗಿ ಸೊರಗುತ್ತದೆ. ಬರಿಯ ಸ್ನಾಯುದೌರ್ಬಲ್ಯವೆಂದು ತಪ್ಪಾಗಿ ತಿಳಿಯುವ ಸಂಭವವಿರುವುದರಿಂದ ಎಕೋ ಪರೀಕ್ಷೆಯಲ್ಲಿ ಧಮನಿಯ ಮೂಲವನ್ನೇ ಹುಡುಕಬೇಕು, ಸಂದೇಹವುಳಿದರೆ ಸಿ.ಟಿ. ಆಂಜಿಯೋಗ್ರಾಂ ನೆರವಾಗುತ್ತದೆ. ಶಸ್ತ್ರವೈದ್ಯರು ಆ ಧಮನಿಯನ್ನು ಬಿಡಿಸಿ ಮಹಾಧಮನಿಗೆ ಹೊಲಿಯುತ್ತಾರೆ. ಚಿಕಿತ್ಸೆಯಿಲ್ಲದೆ ಹೆಚ್ಚಿನ ಶಿಶುಗಳು ಮೊದಲ ವರ್ಷ ದಾಟುವುದಿಲ್ಲ. ಸಕಾಲದಲ್ಲಾದರೆ ಸೊರಗಿದ ಹೃದಯವೂ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಇಂಥ ಕೂಸನ್ನು ಶ್ರೀಮಠಕ್ಕೆ ಕರೆತಂದಾಗ ಪೂಜ್ಯರು ವಿಭೂತಿಯಿಟ್ಟು ಹರಸುತ್ತಾರೆ. ಅಂದೇ ಮಕ್ಕಳ ಹೃದ್ರೋಗ ತಜ್ಞರಿಗೆ ತೋರಿಸಿರೆಂದು ನಾವು ಹೇಳಿ ಕಳುಹಿಸುತ್ತೇವೆ.