ಮೆದುಳಿನ ತೂಬು

ಲಕ್ವ ಹೊಡೆದವರನ್ನು ನಮ್ಮಲ್ಲಿ ನೋಡದವರು ಯಾರು? ಬೆಳಗ್ಗೆ ಎದ್ದು ಕಾಫಿ ಕುಡಿದು ಮಾತನಾಡುತ್ತಿದ್ದವರು ಹಠಾತ್ತನೆ ಕುಸಿಯುತ್ತಾರೆ. ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಮೇಲೇಳದು. ಸಿಡಿಲು ಬಡಿದಂತಾಯಿತು ಎನ್ನುತ್ತೇವೆ. ಸಿಡಿಲು ಬಡಿದ ಮರಕ್ಕಾದರೋ ಆಗಬೇಕಾದದ್ದು ಒಂದೇ ಕ್ಷಣದಲ್ಲಿ ಆಗಿಹೋಗುತ್ತದೆ. ಮೆದುಳಿನ ವಿಚಾರ ಹಾಗಲ್ಲ. ರಕ್ತ ನಿಂತ ಜಾಗದ ನಡುಭಾಗ ಬೇಗನೆ ಸತ್ತರೂ ಅದರ ಸುತ್ತಲಿನ ಭಾಗ ಗಂಟೆಗಟ್ಟಲೆ ಸಾವುಬದುಕಿನ ನಡುವೆ ತೂಗಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಹಾಳುಮಾಡುವ ವಸ್ತುಗಳಲ್ಲಿ ಮುಖ್ಯವಾದದ್ದು ಮೆದುಳು ತಾನೇ ದಿನವೂ ಬಳಸುವ ಒಂದು ಪದಾರ್ಥ! ಇದು ತಿಳಿದುಬಂದದ್ದು ಹೇಗೆಂಬುದನ್ನು ಸ್ವಲ್ಪ ನೋಡೋಣ.

ಮೆದುಳಿನ ನರಕಣಗಳ ನಡುವೆ ಅತಿ ಸೂಕ್ಷ್ಮವಾದ ಸಂದು ಇದೆ. ಒಂದು ಕಣ ಸುದ್ದಿ ಕಳುಹಿಸಬೇಕಾದಾಗ ಆ ಸಂದಿಗೆ ಒಂದಿಷ್ಟು ರಾಸಾಯನಿಕವನ್ನು ಚೆಲ್ಲುತ್ತದೆ. ಹೀಗೆ ಚೆಲ್ಲುವ ದೂತರಲ್ಲಿ ಬಹು ಮುಖ್ಯವಾದದ್ದು ಗ್ಲುಟಮೇಟ್. ಎದುರಿನ ಕಣದ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿವೆ. ಗ್ರಾಹಕವೆಂದರೆ ಕೆರೆಯ ತೂಬು ಇದ್ದ ಹಾಗೆ. ಗ್ಲುಟಮೇಟ್ ಬಂದು ತಾಕಿದೊಡನೆ ತೂಬು ತೆರೆದು ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಲವಣಾಂಶಗಳು ಒಳಗೆ ಹರಿಯುತ್ತವೆ; ಕಣ ಎಚ್ಚರಗೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಗ್ಲುಟಮೇಟನ್ನು ಸುತ್ತಲಿನ ಕಣಗಳು ಹೀರಿಕೊಂಡು ಸಂದನ್ನು ಚೊಕ್ಕಟ ಮಾಡುತ್ತವೆ. ಈ ತೂಬುಗಳಲ್ಲಿ ಎನ್‌ಎಂಡಿಎ ಎಂಬ ಒಂದು ಜಾತಿಯಿದೆ. ನಾವು ಹೊಸದನ್ನು ಕಲಿಯಲೂ ಕಲಿತದ್ದನ್ನು ನೆನಪಿಡಲೂ ಅದು ಬೇಕೇಬೇಕು.

ಇಂಥ ಉಪಕಾರಿ ವಸ್ತುವೇ ಅಪಕಾರಿಯಾಗಬಹುದೆಂಬ ಸುಳಿವು 1957ರಲ್ಲಿ ಸಿಕ್ಕಿತು. ಲೂಕಸ್ ಮತ್ತು ನ್ಯೂಹೌಸ್ ಎಂಬ ವಿಜ್ಞಾನಿಗಳು ಎಳೆಯ ಇಲಿಗಳಿಗೆ ಗ್ಲುಟಮೇಟ್ ಚುಚ್ಚಿದಾಗ ಅವುಗಳ ಕಣ್ಣಿನ ಅಕ್ಷಿಪಟಲದ ನರಕಣಗಳು ನಾಶವಾದವು. ಅಮೆರಿಕದ ಸೆಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜಾನ್ ಓಲ್ನಿ ಈ ಎಳೆಯನ್ನು ಹಿಡಿದು ಮುಂದೆ ಹೋದರು. ಎಳೆಯ ಇಲಿಗಳ ಮೆದುಳಿನ ಬುಡಭಾಗದಲ್ಲಿಯೂ ಅಂಥದೇ ನಾಶವಾಗುತ್ತದೆಂದು 1969ರಲ್ಲಿ ಪ್ರಕಟಿಸಿದರು. ಆ ಇಲಿಗಳು ಬೆಳೆದು ವಿಪರೀತ ಕೊಬ್ಬಿದವು. ಮಕ್ಕಳ ಸಿದ್ಧ ಆಹಾರಕ್ಕೆ ರುಚಿಗಾಗಿ ಗ್ಲುಟಮೇಟ್ ಬೆರೆಸುತ್ತಿದ್ದ ಅಮೆರಿಕದ ತಯಾರಕರು ಆ ಪದ್ಧತಿಯನ್ನು ನಿಲ್ಲಿಸಿದರು. ಹಾಗೆಂದು ವಾಚಕರು ಗಾಬರಿಯಾಗಬೇಕಿಲ್ಲ. ಇಲಿಗಳಿಗೆ ಕೊಟ್ಟದ್ದು ಬಹಳ ದೊಡ್ಡ ಪ್ರಮಾಣ. ಬೆಳೆದವರ ರಕ್ತದಿಂದ ಮೆದುಳಿಗೆ ಅದು ಸುಲಭವಾಗಿ ದಾಟದಂತೆ ಪ್ರಕೃತಿಯೇ ತಡೆಗೋಡೆ ಕಟ್ಟಿದೆ.

ಓಲ್ನಿಯವರ ನಿಜವಾದ ಹೆಚ್ಚುಗಾರಿಕೆ ಮುಂದಿನ ಹೆಜ್ಜೆಯಲ್ಲಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸುದ್ದಿ ತರುವ ತಂತುಗಳು ಸುರಕ್ಷಿತವಾಗಿದ್ದು, ಸುದ್ದಿ ಹಿಡಿಯುವ ಭಾಗಗಳು ಮಾತ್ರ ಊದಿಕೊಂಡಿದ್ದುವು. ಗ್ಲುಟಮೇಟನ್ನು ಹೋಲುವ ವಸ್ತುಗಳಲ್ಲಿ ಯಾವುದು ನರಕಣವನ್ನು ಹೆಚ್ಚು ಉದ್ರೇಕಿಸುವುದೋ ಅದೇ ಹೆಚ್ಚು ಕೊಲ್ಲುತ್ತಲೂ ಇತ್ತು. ಅಂದಮೇಲೆ ವಿಷ ಒಳಹೊಗುವ ದಾರಿ ಗ್ರಾಹಕವೇ ಎಂದಾಯಿತು. ಈ ಬಾಧೆಗೆ ಅವರು ಎಕ್ಸೈಟೋಟಾಕ್ಸಿಸಿಟಿ, ಅಂದರೆ ಉದ್ರೇಕದಿಂದಾಗುವ ವಿಷಬಾಧೆ, ಎಂದು ಹೆಸರಿಟ್ಟರು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಈಗ ಲಕ್ವಕ್ಕೆ ಬರೋಣ. ಮೆದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು. ಅದು ಬಳಸುವ ಆಮ್ಲಜನಕವೋ ನೂರರಲ್ಲಿ ಇಪ್ಪತ್ತು. ರಕ್ತ ನಿಂತರೆ ಸಂದನ್ನು ಚೊಕ್ಕಟಮಾಡುವ ಶಕ್ತಿಯೂ ನಿಂತಿತು. ಗ್ಲುಟಮೇಟ್ ತುಂಬಿ ಹರಿಯುತ್ತದೆ, ತೂಬುಗಳು ತೆರೆದೇ ಉಳಿಯುತ್ತವೆ, ಕ್ಯಾಲ್ಸಿಯಂ ನುಗ್ಗುತ್ತದೆ. ಕಣ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಸತ್ತ ಕಣದೊಳಗಿನ ಗ್ಲುಟಮೇಟ್ ಹೊರಗೆ ಚೆಲ್ಲಿ ನೆರೆಯ ಕಣದ ಮೇಲೆ ಬೀಳುತ್ತದೆ. ಒಂದು ಕೆರೆಯ ಏರಿ ಒಡೆದರೆ ಕೆಳಗಿನ ಕೆರೆಗಳೂ ಸಾಲಾಗಿ ಒಡೆಯುವುದಿಲ್ಲವೆ, ಹಾಗೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗಲೂ ಇಂಥ ಪ್ರವಾಹವೇಳುತ್ತದೆ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆ. ಬರಗಾಲದಲ್ಲಿ ಉತ್ತರ ಮತ್ತು ಮಧ್ಯ ಭಾರತದ ಬಡವರು ತಿಂಗಳುಗಟ್ಟಲೆ ಕೇಸರಿ ಬೇಳೆಯನ್ನೇ ತಿಂದು ಕಾಲುಗಳು ಸೆಟೆದು ಹೆಳವರಾಗುತ್ತಿದ್ದರು. ಆ ಬೇಳೆಯಲ್ಲಿರುವ ನರವಿಷವನ್ನು ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ತಿಳಿಸಿದವರು ಭಾರತೀಯ ವಿಜ್ಞಾನ ಮಂದಿರದ ರಾವ್, ಅಡಿಗ ಮತ್ತು ಶರ್ಮ. ಅದೂ ಗ್ಲುಟಮೇಟಿನ ವೇಷ ಹಾಕಿಕೊಂಡು ಅದೇ ಬಳಗದ ತೂಬುಗಳನ್ನು ತೆರೆಯುವ ವಸ್ತುವೆಂದು ಆಮೇಲೆ ಗೊತ್ತಾಯಿತು.

ಹಾಗಾದರೆ ತೂಬನ್ನು ಮುಚ್ಚಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. 1980ರ ದಶಕದಲ್ಲಿ ಪ್ರಾಣಿಗಳ ಮೇಲೆ ಇದು ಫಲಿಸಿತು. ಮುಂದಿನ ದಶಕದಲ್ಲಿ ಲಕ್ವ ಹೊಡೆದ ಮನುಷ್ಯರಿಗೆ ಅಂಥ ಔಷಧಗಳನ್ನು ಕೊಟ್ಟು ನೋಡಿದಾಗ ಒಂದಾದ ಮೇಲೊಂದು ಸೋತವು. ಔಷಧ ತಲುಪುವ ಹೊತ್ತಿಗೆ ಪ್ರವಾಹ ಬಹಳ ದೂರ ಹೋಗಿರುತ್ತಿತ್ತು. ಅಲ್ಲದೆ ರೋಗಿಗಳಿಗೆ ಭ್ರಮೆ ಹಿಡಿಯುತ್ತಿತ್ತು. ಬಲವಾಗಿ ತೂಬು ಮುಚ್ಚುವ ಔಷಧಗಳಿಂದಲೂ ಇಲಿಯ ಮೆದುಳಿನ ಕೆಲವು ಕಣಗಳಿಗೆ ಹಾನಿಯಾಗುವುದೆಂದು 1989ರಲ್ಲಿ ತೋರಿಸಿದವರು ಬೇರೆ ಯಾರೂ ಅಲ್ಲ, ಓಲ್ನಿಯವರೇ. ನೆನಪಿನ ಬಾಗಿಲಿಗೇ ಬೀಗ ಹಾಕಿ ಮನೆ ಕಾಯುವುದೆಂತು? ತೂಬಿಗೆ ಹಗುರವಾಗಿ ಅಡ್ಡನಿಂತು, ಅಗತ್ಯಬಿದ್ದಾಗ ದಾರಿಬಿಡುವ ಮೆಮಾಂಟಿನ್ ಎಂಬ ಔಷಧಕ್ಕೆ, ಮರೆವಿನ ಆಲ್ಝೈಮರ್ ರೋಗದಲ್ಲಿ ಬಳಸಲು ಯೂರೋಪಿನಲ್ಲಿ 2002ರಲ್ಲಿಯೂ ಅಮೆರಿಕದಲ್ಲಿ 2003ರಲ್ಲಿಯೂ ಒಪ್ಪಿಗೆ ದೊರೆಯಿತು. ಅದು ರೋಗವನ್ನು ನಿಲ್ಲಿಸದು. ಸ್ವಲ್ಪ ಉಪಶಮನ ಕೊಡುತ್ತದೆ, ಅಷ್ಟೆ.

ಓಲ್ನಿಯವರು 2015ರಲ್ಲಿ ತೀರಿಕೊಂಡರು. ಅವರು ಕಂಡ ಸತ್ಯದಿಂದ ನಮ್ಮ ಮನೆಗಳಿಗೆ ದೊರೆಯುವ ಬುದ್ಧಿವಾದ ಸರಳವಾದದ್ದು. ದೊಡ್ಡ ರಕ್ತನಾಳ ಕಟ್ಟಿಕೊಂಡ ಲಕ್ವದಲ್ಲಿ ನಿಮಿಷಕ್ಕೆ ಸುಮಾರು ಹತ್ತೊಂಬತ್ತು ಲಕ್ಷ ನರಕಣಗಳು ಹಾಳಾಗುತ್ತವೆಂದು ಲೆಕ್ಕಹಾಕಿದ್ದಾರೆ. ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೇ ಸಲ್ಲಬೇಕು. ಅದರೊಳಗೂ ಬೇಗನೆ ಕೊಟ್ಟಷ್ಟೂ ಒಳ್ಳೆಯದು. ಆದ್ದರಿಂದ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತಾ ಬೆಳಗಾಗಲೆಂದು ಕಾಯಬೇಡಿ. ಶುರುವಾದ ಹೊತ್ತು ಎಷ್ಟೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಮೆದುಳಿನ ಚಿತ್ರ ತೆಗೆಯುವ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಮನೆಯ ಹುಡುಗರು ಮೋಟಾರ್ ಸೈಕಲ್ ಹತ್ತುವಾಗ ತಲೆಗೆ ಹೆಲ್ಮೆಟ್ ಇದೆಯೇ ಎಂದು ನೋಡಿ. ಒಡೆದ ಏರಿಯನ್ನು ಕಟ್ಟುವುದು ಕಷ್ಟ. ಒಡೆಯದಂತೆ ಕಾಯುವುದು ನಮ್ಮ ಕೈಯಲ್ಲಿ ಬಹುಮಟ್ಟಿಗೆ ಇದೆ.