ನಿಮಗಿದು ಗೊತ್ತೆ? ಸಾಲೋಟಗಿಯ ಸಾವಿರ ವರ್ಷದ ಹಾಸ್ಟೆಲ್

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ ಹತ್ತನೇ ಶತಮಾನದಲ್ಲೇ ವಿದ್ಯಾಕೇಂದ್ರವಾಗಿತ್ತು. ಆಗ ಅದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಕ್ರಿ.ಶ. 945ರಲ್ಲಿ ಇಲ್ಲಿ ಶಾಲೆ ಕಟ್ಟಿಸಿದ ಎನ್ನುತ್ತದೆ ಊರಿನ ಕಂಬದ ಶಾಸನ. ನಾನಾ ಜನಪದಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ಖರ್ಚಿಗೆ 12 ನಿವರ್ತನ (ಆಗಿನ ಭೂ ಅಳತೆ) ಭೂಮಿ ಮೀಸಲಿತ್ತು. ರಾತ್ರಿಯ ಓದಿಗೂ ಹೊಲ ಬಿಟ್ಟುಕೊಟ್ಟ ಆ ಕಾಳಜಿ ದೊಡ್ಡದು! ಮನಸೆಳೆಯುವುದು ಊರವರ ವಂತಿಗೆ: ಮನೆಯಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ (ಮಗುವಿನ ಮೊದಲ ಕೂದಲು ತೆಗೆಸುವ ಶಾಸ್ತ್ರ) ಒಂದೂಕಾಲು ನಾಣ್ಯ ಶಾಲೆಗೆ ಸಲ್ಲಬೇಕಿತ್ತು. ಶಾಲೆ ನಡೆಸುವ ಹೊಣೆಯಲ್ಲಿ ಮಂತ್ರಿಯ ಜೊತೆ ಮನೆಮನೆಗೂ ಪಾಲಿತ್ತು.